ರೇಡಿಯೋ ಕೆಟ್ಟ ವಾರದ ಸವಾಲು

ಹೋಟೆಲಿನ ರೇಡಿಯೋ ಸುಟ್ಟುಹೋದದ್ದು ಒಂದು ಭಾನುವಾರ. ನಾನಾಗ ಶಹಾಬಾದಿನ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಮೈಸೂರು ರಾಜ್ಯಕ್ಕೆ ಇನ್ನೂ ಕರ್ನಾಟಕ ಎಂಬ ಹೆಸರು ಬಂದಿರಲಿಲ್ಲ, ನನಗೆ ಇನ್ನೂ ಮದುವೆಯಾಗಿರಲಿಲ್ಲ. ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಕಡೆಯ ಕಾಡಂಚಿನ ಊರಿನವನಾದ್ದರಿಂದ ನನ್ನ ಮಾತಿನಲ್ಲಿ ತೆಲುಗು ಇಣುಕುತ್ತಿತ್ತು. ಅದಕ್ಕೆ ಯಾರಾದರೂ ನಕ್ಕರೆ ಸಾಕು, ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ಕೂರಲು ನನಗಿದ್ದದ್ದು ಸ್ಟೇಷನ್ ರಸ್ತೆಯ ಆ ಹೋಟೆಲು ಒಂದೇ.

ಹೋಟೆಲೆಂದರೆ ತಗಡಿನ ಮಾಡು, ಆರು ಬೆಂಚು, ಮೇಜಿನ ಜಾಗದಲ್ಲಿ ಪರಸಿ ಕಲ್ಲಿನ ಹಾಸು. ಶಹಾಬಾದಿನ ಖಣಿಗಳಿಂದ ಎಬ್ಬಿಸಿದ ಆ ಹಾಸುಗಲ್ಲು ಊರಿನ ಅಂಗಳ, ಗೋಡೆ, ಗೋರಿ ಎಲ್ಲದಕ್ಕೂ ಬೇಕಾಗಿತ್ತು. ಹೋಟೆಲಿನಲ್ಲಿ ಚಾ, ಚುರುಮುರಿಯ ಸುಸಲಾ, ಮಿರ್ಚಿ ಭಜಿ ಬಿಟ್ಟರೆ ಬೇರೇನೂ ಸಿಗುತ್ತಿರಲಿಲ್ಲ. ನಡೆಸುತ್ತಿದ್ದವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಅವರ ಮನೆತನ ಆ ಊರಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಗೊತ್ತಿರಲಿಲ್ಲ. ಮೊಹರಂ ಬಂದರೆ ಕನ್ನಡದ ರಿವಾಯತ್ ಪದಗಳನ್ನು ಎದೆ ತುಂಬಿ ಹಾಡುತ್ತಿದ್ದವರು. ಖಣಿಯವರು, ಸಿಮೆಂಟ್ ಫ್ಯಾಕ್ಟರಿಯವರು, ರೈಲ್ವೆಯವರು ಐದು ಗಂಟೆಯ ಸೈರನ್ ಆದ ಮೇಲೆ ಅಲ್ಲಿಗೆ ಬರುತ್ತಿದ್ದದ್ದು ಚಾಕ್ಕಿಂತ ಹೆಚ್ಚಾಗಿ ರೇಡಿಯೋದ ಹಾಡಿಗೆ. ಅದೇ ಈಗ ಹೊಗೆ ಬಿಟ್ಟು ಬಾಯಿ ಮುಚ್ಚಿಕೊಂಡಿತ್ತು. ರಿಪೇರಿಗೆ ಕಲಬುರ್ಗಿಗೆ ಕಳಿಸಬೇಕು, ಒಂದು ವಾರ ಬೇಕು ಅಂದರು. ಎದುರಿನ ಹೋಟೆಲಿನವರ ಹತ್ತಿರ ಗಟ್ಟಿಮುಟ್ಟಾದ ರೇಡಿಯೋ ಒಂದಿತ್ತು, ಅವರು ಆ ದಿನವೇ ಅದರ ಕಿವಿ ಹಿಂಡಿ ದನಿ ಏರಿಸಿದರು.

ಚಾಚಾ ತಲೆ ಕೆಡಿಸಿಕೊಳ್ಳಲಿಲ್ಲ. "ಪೆಟಗಿ ಸುಟ್ರ ಏನಾತು? ನಮ್ಮೂರಾಗ ಮಂದಿಗಿ ಬಾಯಿ ಇಲ್ಲೇನು?" ಎಂದರು. ಸೋಮವಾರದಿಂದ ಭಾನುವಾರದವರೆಗೆ ದಿನಾ ಸಂಜೆ ಹೋಟೆಲಿನಲ್ಲಿ ಊರಿನವರೇ ಹಾಡಬೇಕು, ಹಾಡಿದವರಿಗೆ ಚಾ, ಭಜಿ ಹೋಟೆಲಿನದು ಎಂದು ಸಾರಿದರು.

ಮೊದಲ ಎರಡು ದಿನ ಎಲ್ಲ ಹದವಾಗೇ ಇತ್ತು. ರೈಲ್ವೆಯವನೊಬ್ಬ ಖಂಜರಿ ಬಾರಿಸಿ ತತ್ವಪದ ಹೇಳಿದ. ಟೇಲರ್ ಒಬ್ಬ ಕವಾಲಿ ಎತ್ತಿಕೊಂಡು ನಡುವೆ ಸಾಲು ಮರೆತು, ಮರೆತದ್ದನ್ನೇ ಮೂರು ಸಲ ಹಾಡಿ ಚಪ್ಪಾಳೆ ಗಿಟ್ಟಿಸಿದ. ನಾನು ಮೂಲೆಯ ಬೆಂಚಿನಲ್ಲಿ ನನ್ನ ಭೂಗೋಳದ ಪುಸ್ತಕ ಬಿಚ್ಚಿಕೊಂಡು, ಒಂದು ಚಾದ ಮೇಲೆ ಎರಡು ತಾಸು ಕೂತು, ಇವರದೆಲ್ಲ ಏನು ಸಂಗೀತ ಎಂಬ ಮುಖ ಮಾಡಿಕೊಂಡು ಕೇಳುತ್ತಿದ್ದೆ. ಡಿಗ್ರಿ ಪಡೆದು ಎರಡು ವರ್ಷವಾಗಿತ್ತು. ಅದು ತಲೆಯಿಂದ ಇನ್ನೂ ಕೆಳಗೆ ಇಳಿದಿರಲಿಲ್ಲ.

ಬುಧವಾರ ಸವಾಲ್-ಜವಾಬಿನ ಎರಡು ಮೇಳ ಬಂದವು. ಮೇಳವೆಂದರೆ ಮುಂದೊಬ್ಬ ಹಾಡುಗಾರ, ಅವನ ಕೈಯಲ್ಲಿ ಒಂಟಿ ತಂತಿಯ ತುಂತುಣಿ, ಹಿಂದೆ 'ಜೀ ಜೀ' ಎಂದು ದನಿ ಎಳೆಯುವ ಇಬ್ಬರು ಮೂವರು. ಒಂದು ಮೇಳದವರು ಹಾಡಿನಲ್ಲೇ ಪ್ರಶ್ನೆ ಕೇಳಬೇಕು, ಇನ್ನೊಂದು ಮೇಳದವರು ಹಾಡಿನಲ್ಲೇ ಉತ್ತರ ಕೊಡಬೇಕು. ಒಂದು ಮೇಳದ ಹಾಡುಗಾರ ಸಿಮೆಂಟ್ ಫ್ಯಾಕ್ಟರಿಯ ಫಿಟರ್, ನನ್ನದೇ ವಯಸ್ಸು, ಕ್ರಾಪು ತೆಗೆದು ಎಣ್ಣೆ ಹಚ್ಚಿದವನು. ಇನ್ನೊಂದು ಮೇಳದವನು ಖಣಿಯಲ್ಲಿ ಪರಸಿ ಎಬ್ಬಿಸುವ ಮುದುಕ. ಅವನನ್ನು ಎಲ್ಲರೂ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ನಲವತ್ತು ವರ್ಷ ಕಲ್ಲಿನ ಧೂಳು ಕುಡಿದ ಗಂಟಲು. ಮಾತಾಡಿದರೆ ಕೆಮ್ಮು ಬರುತ್ತಿತ್ತು, ಹಾಡಿದರೆ ಮಾತ್ರ ಬರುತ್ತಿರಲಿಲ್ಲ. ಅವನು ತುಂತುಣಿ ಹಿಡಿದು ಒಳಗೆ ಕಾಲಿಟ್ಟಾಗ ಬೆಂಚಿನ ಮೇಲಿದ್ದವರೆಲ್ಲ ಎದ್ದು ಜಾಗ ಬಿಟ್ಟದ್ದನ್ನು ನೋಡಿ ನನಗೆ ಸೋಜಿಗವಾಯಿತು.

ಮುತ್ಯಾ ಕೂತವನೇ ಸಭೆಯನ್ನೆಲ್ಲ ಒಂದು ಸುತ್ತು ನೋಡಿದ. ಹಾಡು ಶುರುವಾಗುವ ಮುಂಚೆ ಎದುರು ಕೂತವರಲ್ಲಿ ಯಾರಾದರೊಬ್ಬರ ಕಾಲೆಳೆಯುವುದು ಮೇಳದವರ ರೂಢಿಯಂತೆ. ನನಗದು ಗೊತ್ತಿರಲಿಲ್ಲ. ಅವನ ಕಣ್ಣು ನನ್ನ ಪುಸ್ತಕದ ಮೇಲೆ ಬಿತ್ತು.

"ಕಾಗದ ಓದಿದ ಕಣ್ಣು ಕಲ್ಲ ಓದೀತೇನ,
ಚಾ ಆರಿ ನೀರಾತೋ ಮಾಸ್ತರಪ್ಪಾ"

ಹೋಟೆಲಿಗೆ ಹೋಟೆಲೇ ನಕ್ಕಿತು. ನನ್ನ ಬಟ್ಟಲಿನ ಚಾ ನಿಜಕ್ಕೂ ಆರಿಹೋಗಿತ್ತು. ನಗುವವರ ನಡುವೆ ನಾನೂ ನಕ್ಕುಬಿಟ್ಟಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ನಾನು ಪುಸ್ತಕ ಮಡಚಿ ಎದ್ದು ಹೋದೆ. ಬೆನ್ನ ಹಿಂದೆ ಇನ್ನಷ್ಟು ನಕ್ಕರು.

ಗುರುವಾರ ಫಿಟರ್ ಕೇಳಿದ ಪ್ರಶ್ನೆಗಳಿಗೆಲ್ಲ ಮುತ್ಯಾ ಕೂತಲ್ಲೇ ಉತ್ತರ ಹಾಡಿದ. ಪುರಾಣದ್ದು ಕೇಳಿದರೂ ಸರಿ, ವಚನದ್ದು ಕೇಳಿದರೂ ಸರಿ, ನವಣೆ ಕೊಯ್ಲಿನದು ಕೇಳಿದರೂ ಸರಿ. ಫಿಟರ್ ಬೆವರು ಒರೆಸಿಕೊಂಡು ಹೊರಗೆ ಬಂದಾಗ ನಾನೇ ಅವನ ಸೈಕಲ್ಲಿಗೆ ಅಡ್ಡ ನಿಂತೆ.

"ಮುದುಕನ ಬಾಯಿ ಮುಚ್ಚಿಸುವ ಸವಾಲು ನನ್ನ ಹತ್ತಿರ ಇದೆ. ಬೇಕೇನು?" ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಹೇಳ್ರಿ ಮಾಸ್ತರ್" ಎಂದ.

ಕಲ್ಲು ಓದಲು ಬರುತ್ತದೋ ಇಲ್ಲವೋ ತೋರಿಸುತ್ತೇನೆ ಎಂಬ ಹಟ ನನ್ನದು. ನಮ್ಮ ಪರಸಿ ಕಲ್ಲು ಹುಟ್ಟಿದ್ದು ಸಮುದ್ರದಲ್ಲಿ. ಈ ಸೀಮೆಯೆಲ್ಲ ಎಷ್ಟೋ ಕಾಲದ ಹಿಂದೆ ನೀರಿನ ಕೆಳಗಿತ್ತು. ತಳದಲ್ಲಿ ಸುಣ್ಣದ ಕೆಸರು ಕೂತು, ಅದರ ಮೇಲೆ ಇನ್ನೊಂದು ಪದರ ಕೂತು, ಬಿಗಿದು ಕಲ್ಲಾಯಿತು. ಅದಕ್ಕೇ ಅದು ರೊಟ್ಟಿಯ ಅಡಕಲಿನ ಹಾಗೆ ಪದರುಪದರಾಗಿ ಏಳುತ್ತದೆ. ಇದು ನನ್ನ ಪುಸ್ತಕದಲ್ಲಿತ್ತು. ಸಮುದ್ರವನ್ನೇ ಕಾಣದ ಖಣಿಯ ಮುದುಕನಿಗೆ ಎಲ್ಲಿಂದ ತಿಳಿಯಬೇಕು? ಫಿಟರ್ ಕೇಳಿ, ಹ್ಯಾಂಡಲ್ ಮೇಲೆ ತಾಳ ಹಾಕುತ್ತ ಅಲ್ಲೇ ಪದ ಕಟ್ಟಿದ. ನನಗೆ ಆ ದಿನ ಊಟ ರುಚಿಸಿತು.

ಶುಕ್ರವಾರ ಅವನು ಹಾಡಿದ:

"ಮೆಟ್ಟಿ ನಡೆಯುವ ಕಲ್ಲು, ಕಟ್ಟಿ ಬಾಳುವ ಕಲ್ಲು,
ಇದರ ತಾಯಿ ಯಾರ ಹೇಳೋ ಮುತ್ಯಾ"

ನಾನು ಚಪ್ಪಾಳೆಗೆ ಕಾದೆ. ಯಾರೂ ಹೊಡೆಯಲಿಲ್ಲ. ಮುತ್ಯಾ ತಂತಿಯ ಮೇಲೆ ಬೆರಳಿಟ್ಟು ಅದರ ನುಡಿ ನಿಲ್ಲಿಸಿದ. ಆಮೇಲೆ "ನಾಳಿ" ಎಂದಷ್ಟೇ ಹೇಳಿ ಎದ್ದು ಹೋದ.

ಚಾಚಾ ನನ್ನೆದುರು ಚಾ ಇಟ್ಟು, ತಾವೂ ಬೆಂಚಿನ ತುದಿಯಲ್ಲಿ ಕೂತರು. "ಭಾಳ ಕೆಟ್ಟ ಸವಾಲ್ ಅದ ಮಾಸ್ತರ್. ಈ ಹುಡುಗಗ ಯಾರು ಕೊಟ್ಟಾರೋ, ಅವರಿಗಿ ದಯಾ ಅಂಬೋದು ಇಲ್ಲ."

"ಆಟ ಅಲ್ಲವೇ ಚಾಚಾ. ಸೋತರೆ ಏನಾಯಿತು?" ಎಂದೆ.

"ಆಟ ಅಂದ್ರೇನು?" ಚಾಚಾ ನನ್ನನ್ನು ನೋಡಿದರು. "ನಾಳಿ ದೀಪ ಹಚ್ಚೂದರೊಳಗ ಜವಾಬ್ ಬರಲಿಲ್ಲಂದ್ರ ತುಂತುಣಿ ನೆಲಕ್ಕ ಇಡಬೇಕು. ಗೆದ್ದವ ಒಯ್ದು ತನ್ನ ಮನಿ ಗೂಟಕ್ಕ ಹಾಕ್ತಾನ. ಸೋತವ ಮತ್ತ ತುಂತುಣಿ ಹಿಡಿಯಂಗಿಲ್ಲ, ಸಭಾದಾಗ ಬಾಯಿ ತೆಗಿಯಂಗಿಲ್ಲ. ವಾಡಿ ಕಡಿ ಹಾಡುಗಾರ ಒಬ್ಬ ಹಂಗ ಸೋತ. ಮಗಳ ಮದುವ್ಯಾಗ ಸುದ್ದಾ ಒಂದು ಸೋಬಾನ ಅನಲಿಲ್ಲ ನೋಡ್ರಿ."

ನಮ್ಮ ಊರ ಕಡೆ ಕೋಲಾಟವಿತ್ತು, ತೆಲುಗು ಪದಗಳಿದ್ದವು, ಇಂಥ ಕಟ್ಟಳೆ ಇರಲಿಲ್ಲ. ಇದ್ದಿದ್ದರೂ ನಾನು ಕೇಳಿ ತಿಳಿದುಕೊಳ್ಳುವ ಪೈಕಿಯವನಲ್ಲ. ಬಾಯಲ್ಲಿದ್ದ ಚಾ ಬಿಸಿ ತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಸವಾಲು ಕೊಟ್ಟವನು ನಾನೇ ಎಂದು ಚಾಚಾ ಎದುರು ಹೇಳುವ ಧೈರ್ಯ ಆ ಹೊತ್ತಿಗೆ ಬರಲಿಲ್ಲ.

ಶನಿವಾರ ಮುಂಜಾನೆ ಶಾಲೆ. ಗಂಟೆ ಹೊಡೆದದ್ದೇ ತಡ, ಖಣಿಗೆ ಹೋದೆ. ಮುತ್ಯಾ ಕಲ್ಲು ಎಬ್ಬಿಸುತ್ತಿರಲಿಲ್ಲ. ವಯಸ್ಸಾಯಿತೆಂದು ಅವನಿಗೆ ಈಗ ಹಾರೆಕೋಲು ಕೊಡುತ್ತಿರಲಿಲ್ಲ, ಚೂರುಕಲ್ಲು ಆರಿಸಿ ಗುಡ್ಡೆ ಹಾಕುವ ಕೆಲಸ ಕೊಟ್ಟಿದ್ದರು. ಮೇಲಿನಿಂದ, ಆಳುಗಳ ಉಸ್ತುವಾರಿ ನೋಡುವ ಮುಕಾದಮ "ಏ ಮುದುಕಾ, ಆ ಕಡಿ ಸರಿ" ಎಂದು ಕೂಗಿದ. ಮುತ್ಯಾ ಸರಿದ. ತುಂತುಣಿ ಹಿಡಿದು ಬಂದವನಿಗೆ ಬೆಂಚು ಬಿಟ್ಟುಕೊಟ್ಟವರಲ್ಲಿ ಆ ಮುಕಾದಮನೂ ಒಬ್ಬ. ಅದನ್ನು ನೋಡಿ ನನಗೆ ಆದ ನಾಚಿಕೆ ಇಷ್ಟು ಅಂತ ಹೇಳಲಾರೆ.

"ಬರ್ರಿ ಮಾಸ್ತರ್, ಕುಂದ್ರಿ" ಎಂದು ತಾನು ಬುತ್ತಿ ಉಣ್ಣುವ ಕಲ್ಲಿನ ಮೇಲೆ ಜಾಗ ಮಾಡಿದ. ಬುಧವಾರದ ಮುನಿಸು ನನಗಿತ್ತೇ ಹೊರತು ಅವನಿಗೆ ನೆನಪೂ ಇದ್ದಂತಿರಲಿಲ್ಲ. ನಾನು ತಡಮಾಡದೆ ಎಲ್ಲ ಹೇಳಿಕೊಂಡೆ: ಸವಾಲು ನನ್ನದು, ಸಿಟ್ಟಿನಲ್ಲಿ ಕೊಟ್ಟೆ, ಕಟ್ಟಳೆ ಗೊತ್ತಿರಲಿಲ್ಲ, ಈಗ ಜವಾಬು ಹೇಳಲಿಕ್ಕೇ ಬಂದಿದ್ದೇನೆ.

ಮುತ್ಯಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. "ಹೇಳಬ್ಯಾಡ್ರಿ. ಸವಾಲ್ ಕೊಟ್ಟವರೇ ಹಿಂದಿನ ಬಾಗಿಲಿಂದ ಜವಾಬ್ ಕೊಟ್ರ ಅದು ಕಳುವು. ನಮ್ಮಪ್ಪ ಕೊರೆದು ಮಾಡಿದ ತುಂತುಣಿ ಅದ. ಕಳುವು ಮಾಡಿ ಉಳಿಸಿಕೊಂಡ್ರ ಅದು ನುಡಿಯಂಗಿಲ್ಲ."

"ಸೋತರೆ?"

"ಸೋತ್ರ ಸೋತೆ." ಕೆಮ್ಮಿದ. ತಡೆದು ಹೇಳಿದ, "ಇಲ್ಲಿ ನನಗ ಯಾರೂ ಹೆಸರ್ಲಿ ಕರಿಯಂಗಿಲ್ಲ, ನೋಡಿದ್ರಲ್ಲ. ಅದು ಕೈಯಾಗಿದ್ರ ಮನಷ್ಯಾ ಅಂತಾರ. ಆದ್ರೂ ಕಳುವು ಬ್ಯಾಡ್ರಿ."

ನಾನು ಕೆಳಗೆ ನೋಡಿದೆ. ನಾವು ಕೂತಿದ್ದ ಕಲ್ಲಿನ ಮೈಯೆಲ್ಲ ಅಲೆಅಲೆಯಾದ ಗೆರೆ. ಕಾಗಿಣಾ ಹೊಳೆ ಇಳಿದ ಮೇಲೆ ಉಸುಕಿನ ಮೇಲೆ ಉಳಿಯುತ್ತದಲ್ಲ, ಥೇಟ್ ಹಾಗೆಯೇ. ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಕಣ್ಣಾರೆ ಕಂಡಿರಲಿಲ್ಲ. ಬಗ್ಗಿ ಅವುಗಳ ಮೇಲೆ ಬೆರಳಾಡಿಸಿದೆ.

"ಮುತ್ಯಾ, ಈ ಗೆರೆ ಏನು?"

"ಅದು ಕಲ್ಲಿನ ರೋಗ ಅದ. ಇಂಥಾವು ನಡುನಡುವ ಬರ್ತಾವ. ಪಾಲಿಶ್ ಹಿಡಿಯಂಗಿಲ್ಲ, ಯಾರೂ ಕೊಳ್ಳಂಗಿಲ್ಲ. ಜಲ್ಮ ಎಲ್ಲಾ ಇವನ್ನ ಎತ್ತಿ ಒಗಿಯೂದೇ ಆಗ್ಯದ."

ಜವಾಬಿನ ಮೇಲೆಯೇ ಕೂತು ರೊಟ್ಟಿ ಮುರಿಯುತ್ತಿದ್ದ. ನಾನು ನಾಲಿಗೆ ಕಚ್ಚಿಕೊಂಡೆ. ಅವನು ನನಗೂ ಅರ್ಧ ರೊಟ್ಟಿ, ಪುಂಡಿಪಲ್ಯ ಕೊಟ್ಟ. ಕಲ್ಲಿನ ಕಡೆ ನೋಡದೆ ತಿಂದು ಮುಗಿಸಿದೆ.

ಆ ಸಂಜೆ ಹೋಟೆಲಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಎದುರಿನ ಹೋಟೆಲಿನವರೂ ರೇಡಿಯೋ ಆರಿಸಿ ಬಂದು ಬಾಗಿಲಲ್ಲಿ ನಿಂತಿದ್ದರು. ಕಟ್ಟಳೆಯ ಪ್ರಕಾರ ಮೂರು ಸಲ ಜವಾಬು ಹೇಳಬಹುದು. ಮುತ್ಯಾ ಭೂಮಿಯೇ ತಾಯಿ ಎಂದು ಹಾಡಿದ. ಫಿಟರ್, ಭೂಮಿ ಎಲ್ಲರಿಗೂ ತಾಯಿ, ಈ ಕಲ್ಲಿನ ತಾಯಿಯೇ ಬೇರೆ ಎಂದು ತಿರುಗಿಸಿದ. ಎರಡನೆಯ ಸಲ ಬೆಂಕಿ ಎಂದ. ಅದೂ ಅಲ್ಲ. ಮೂರನೆಯದಕ್ಕೆ ಬಹಳ ಹೊತ್ತು ತಂತಿ ಮೀಟಿದ, ಅದರ ನಡುವೆ ಎಷ್ಟೋ ಹಳೆಯ ಪದಗಳನ್ನು ಎತ್ತಿ ಎತ್ತಿ ಇಳಿಸಿದ, ಕೊನೆಗೆ ಶಿವನೇ ತಾಯಿ, ಶಿವನೇ ತಂದೆ ಎಂದ. ಫಿಟರ್ ತಲೆ ಅಲ್ಲಾಡಿಸಿದ. ಅವನ ಮುಖದಲ್ಲೂ ಗೆದ್ದವನ ಕಳೆ ಇರಲಿಲ್ಲ.

ಹೊರಗೆ ಹೊತ್ತು ಮುಳುಗಿತ್ತು. ದೀಪ ಹಚ್ಚುವವರೆಗೆ ಎಂಬ ಮಾತಿತ್ತಲ್ಲ, ಚಾಚಾ ಬಲ್ಬಿನ ಸ್ವಿಚ್ಚಿನ ಹತ್ತಿರ ನಿಂತವರು ಅದನ್ನು ಒತ್ತಲೇ ಇಲ್ಲ. ಒಬ್ಬರ ಮುಖ ಒಬ್ಬರಿಗೆ ಕಾಣದ ಹಾಗಾಯಿತು. ಯಾರೋ ಕತ್ತಲಲ್ಲೇ ಚಾ ಸುರಿದುಕೊಂಡು ಕೈ ಸುಟ್ಟುಕೊಂಡರು. ಆದರೂ ಯಾರೂ ದೀಪ ಹಾಕಿರಿ ಎನ್ನಲಿಲ್ಲ. ಕೊನೆಗೆ ಮುತ್ಯಾನೇ ಹೇಳಿದ: "ಹಾಕ್ರಿ ಚಾಚಾ. ಎಷ್ಟೊತ್ತು ಕುಂದ್ರತೀರಿ."

ಬಲ್ಬು ಹತ್ತಿತು. ಮುತ್ಯಾ ಎದ್ದು, ತುಂತುಣಿಗೆ ಒಂದು ಸಲ ಹಣೆ ಹಚ್ಚಿ, ಬಗ್ಗಿ ನೆಲಕ್ಕಿಟ್ಟ.

ಅದು ನೆಲಕ್ಕೆ ತಾಗಿದ ಸಣ್ಣ ಸದ್ದಿಗೆ ನಾನು ಎದ್ದು ನಿಂತಿದ್ದೆ. "ಸಭೆಯಲ್ಲಿರುವವರು ಯಾರಾದರೂ ಜವಾಬು ಹೇಳಬಹುದೇ?" ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು.

"ಹೇಳಬಹುದು. ಗೆದ್ದವ ತುಂತುಣಿ ಎತ್ತಿಕೊಳ್ಳೂತನಕ ವ್ಯಾಳ್ಯಾ ಅದ. ಆದ್ರ ಹೇಳಿದವರು ಆ ಮೇಳಕ್ಕ ಮಾರಿಕೊಂಡಂಗ. ಹಿಂದ ನಿಂತು ಜೀ ಅನ್ನಬೇಕು, ಈ ಊರಾಗ ಇರೋತನಕ" ಎಂದರು ಚಾಚಾ.

ಫಿಟರ್ ಕೈ ಎತ್ತಿದ. "ಚಾಚಾ, ಸವಾಲ್ ಕೊಟ್ಟವರೂ ಇವರೇ ಅದಾರ. ಸವಾಲೂ ಮಾಸ್ತರದು, ಜವಾಬೂ ಮಾಸ್ತರದು ಅಂದ್ರ ನಾವೇನು ನಡುವ ತಬಲಾನೋ ಡಗ್ಗಾನೋ?"

ಎಲ್ಲರ ತಲೆ ನನ್ನ ಕಡೆ ತಿರುಗಿತು. ಹೌದು, ನಾನೇ ಕೊಟ್ಟದ್ದು, ಸಿಟ್ಟಿಗೆ ಕೊಟ್ಟದ್ದು ಎಂದು ಒಪ್ಪಿಕೊಂಡೆ. ನೆಲ ಬಿರಿದರೆ ಇಳಿದುಹೋಗುತ್ತಿದ್ದೆ. ಚಾಚಾ ಗಡ್ಡ ನೀವಿಕೊಂಡು ಯೋಚಿಸಿದರು. "ಕೊಟ್ಟವ ಹೇಳಬಾರದು ಅಂತ ಕಟ್ಟಳ್ಯಾಗ ಎಲ್ಲೂ ಇಲ್ಲ. ಇಷ್ಟು ದೊಡ್ಡ ಬೇಕೂಫ ಇರತಾನ ಅಂತ ಹಿರಿಯರಿಗಿ ಗೊತ್ತಿರಲಿಲ್ಲ, ಅದಕ್ಕ ಬರೆಸಿಲ್ಲ. ಇದು ಕಳುವಲ್ಲ, ಸಭಾದಾಗ ಎಲ್ಲರ ಮುಂದ. ಹೇಳ್ರಿ ಮಾಸ್ತರ್. ಖರೇ, ಹಾಡಿನಾಗ ಹೇಳಬೇಕು."

ಶಾಲೆಯ ಪ್ರಾರ್ಥನೆಯಲ್ಲಿ ನಾನು ತುಟಿ ಮಾತ್ರ ಆಡಿಸುತ್ತಿದ್ದವನು. ನನ್ನ ದನಿಯ ವಿಷಯ ನನ್ನ ತಾಯಿಗೂ ಗೊತ್ತಿತ್ತು. ಆದರೂ ಕಣ್ಣು ಮುಚ್ಚಿ ಎತ್ತಿದೆ:

"ನೀರೇ ಇದರ ತಾಯಿ, ನೀರೇ ಇದರ ತೊಟ್ಟಿಲ,
ಕಡಲ ತಳದ ಕೆಸರು ಕಲ್ಲಾತೋ ಮುತ್ಯಾ"

ಮೊದಲ ಸಾಲಿಗೇ ಹೋಟೆಲು ಬಿದ್ದು ಬಿದ್ದು ನಕ್ಕಿತು. ಮುಕಾದಮ ಭಜಿ ನೆತ್ತಿಗೇರಿ ಕೆಮ್ಮಿದ. ನಾನೂ ನಕ್ಕೆ, ಆ ಊರಿಗೆ ಬಂದ ಮೇಲೆ ಅದೇ ಮೊದಲ ಸಲ ಇರಬೇಕು. ಎರಡನೆಯ ಸಾಲಿಗೆ ಮುತ್ಯಾನ ಮೇಳದವರು ನನ್ನ ಮೇಲೆ ಕರುಣೆ ಬಂದು 'ಜೀ ಜೀ' ಎಂದು ದನಿ ಕೂಡಿಸಿದರು.

ನಗದೆ ಉಳಿದವನು ಮುತ್ಯಾ ಒಬ್ಬನೇ. ತುಂತುಣಿ ಎತ್ತಿಕೊಳ್ಳಲು ಬಗ್ಗಿದವನು ಬಗ್ಗಿದಲ್ಲೇ ಇದ್ದ. "ಅದಕ್ಕ ಗೆರಿ ಬಿದ್ದಾವ" ಎಂದ, ತನಗೇ ಹೇಳಿಕೊಳ್ಳುವ ಹಾಗೆ. "ನೀರು ಹೋದ ಗೆರಿ. ನಾ ರೋಗ ಅಂತ ಒಗದೆ. ನಲವತ್ತು ವರ್ಷ ಒಗದೆ." ಅವನ ಕಣ್ಣಲ್ಲಿ ನೀರಿತ್ತು. ಸೋತು ಉಳಿದದ್ದಕ್ಕಲ್ಲ ಅದು, ಆ ಕಲ್ಲುಗಳಿಗೆ. ನನಗೆ ಅಷ್ಟು ತಿಳಿಯಿತು.

ಭಾನುವಾರ ಮುತ್ಯಾ ತನ್ನ ಬುತ್ತಿಯ ಕಲ್ಲನ್ನು ಬಂಡಿಯಲ್ಲಿ ತಂದ. ಹೋಟೆಲಿನ ಹಿಂದೆ ಕೈ ತೊಳೆಯುವ ಜಾಗಕ್ಕೆ ಅದನ್ನು ಹಾಸಬೇಕೆಂದು ಹಟ ಹಿಡಿದ, ಚಾಚಾ ಹಾಸಿಸಿದರು. ಆ ಸಂಜೆ ವಾರದ ಕೊನೆಯ ಹಾಡು. ಎರಡೂ ಮೇಳ ಕೂಡಿ ಹಾಡಿದವು, ನಾನು ಮುತ್ಯಾನ ಹಿಂದೆ ನಿಂತು ಜೀ ಎಂದೆ. ನನ್ನ ಜೀ ಸ್ವಲ್ಪ ಮೆಲ್ಲಗಿರಲಿ ಎಂದು ಮೇಳದವರು ಎರಡು ಸಲ ಕೇಳಿಕೊಂಡರು.

ಹಾಡು ಮುಗಿದ ಮೇಲೆ ಮುತ್ಯಾ ನನ್ನನ್ನು ಹಿಂದಕ್ಕೆ ಕರೆದ. ತಂಬಿಗೆಯಿಂದ ಆ ಕಲ್ಲಿನ ಮೇಲೆ ನೀರು ಸುರಿದ. ನೀರು ಗೆರೆ ಗೆರೆಯಲ್ಲಿ ನಿಂತಿತು. ಬಹಳ ಹೊತ್ತು ನೋಡಿದ.

"ಮಾಸ್ತರ್, ಆ ಸಮುದ್ರ ಎತ್ತ ಹೋತು?"

"ಭೂಮಿ ಮೇಲಕ್ಕೆದ್ದಿತು, ನೀರು ಹಿಂದೆ ಸರಿಯಿತು" ಎಂದೆ. ಪುಸ್ತಕದಲ್ಲಿ ಅಷ್ಟೇ ಇತ್ತು.

"ಸರೀತು ಅಂತ ನೀವಂದ್ರಿ. ಎತ್ತ ಹೋತು ಅಂತ ನಾ ಕೇಳಿದೆ. ಇಷ್ಟು ಕಲ್ಲು ಹಡದ ತಾಯಿ, ಮಕ್ಕಳನ್ನ ಬಿಟ್ಟು ಯಾಕ ಹೋದಳು?" ಆಮೇಲೆ ಮೆಲ್ಲಗೆ ನಕ್ಕ. "ನಾಳಿ ದೀಪ ಹಚ್ಚೂದರೊಳಗ ಹೇಳ್ರಿ."

ಸೋಮವಾರ ರೇಡಿಯೋ ವಾಪಸು ಬಂತು. ಹೋಟೆಲು ಅದರ ಸುತ್ತ ಕೂತಿತ್ತು. ನಾನು ಮತ್ತು ಮುತ್ಯಾ ಹಿಂದಿನ ಕಲ್ಲಿನ ಹತ್ತಿರ ನಿಂತೆವು. ನನಗೆ ಗೊತ್ತಿಲ್ಲ ಎಂದೆ. ಇಟ್ಟು ಸೋಲಲು ನನ್ನ ಹತ್ತಿರ ತುಂತುಣಿ ಇರಲಿಲ್ಲ, ಭೂಗೋಳದ ಪುಸ್ತಕವಿತ್ತು. ಅದನ್ನೇ ಬಗ್ಗಿ ನೆಲಕ್ಕಿಟ್ಟೆ. ತಮಾಷೆ ಎಂದುಕೊಂಡೇ ಇಟ್ಟೆ. ಮುತ್ಯಾ ತಮಾಷೆ ಎಂದುಕೊಳ್ಳಲಿಲ್ಲ. ಎರಡೂ ಕೈಯಿಂದ ಎತ್ತಿಕೊಂಡು, ಹಣೆಗೆ ಹಚ್ಚಿಕೊಂಡು, ಮನೆಗೆ ಒಯ್ದು ತುಂತುಣಿಯ ಪಕ್ಕದ ಗೂಟಕ್ಕೆ ದಾರ ಕಟ್ಟಿ ತೂಗುಹಾಕಿದ.

ಮರುದಿನದಿಂದ ಪಾಠಕ್ಕೆ ಪುಸ್ತಕ ಬೇಕೆಂದರೆ ನಾನು ಅವನ ಮನೆಗೆ ಹೋಗಬೇಕಾಯಿತು. ಅವನು ಗೂಟದಿಂದ ಇಳಿಸಿ ಕೊಡುತ್ತಿದ್ದ. ಅಲ್ಲೇ ಕೂತು ನೋಡಿಕೊಂಡು ವಾಪಸು ಕೊಡಬೇಕು. ಹೋದಾಗೆಲ್ಲ ಒಂದು ಪದ ಕಲಿಸುತ್ತಿದ್ದ, ನಾನು ಅದರಲ್ಲಿ ಒಂದು ಪುಟ ಓದಿ ಹೇಳುತ್ತಿದ್ದೆ. ಆರು ವರ್ಷ ಹಾಗೇ ನಡೆಯಿತು. ನನ್ನ ದನಿ ಮಾತ್ರ ಸುಧಾರಿಸಲಿಲ್ಲ.

ಸೇಡಂಗೆ ವರ್ಗವಾದಾಗ ಹೋಗಿ ಬರುತ್ತೇನೆಂದು ಹೇಳಲು ಹೋದೆ. ಮುತ್ಯಾ ಹಾಸಿಗೆ ಹಿಡಿದಿದ್ದ, ಆಗ ಹಾಡಿದರೂ ಕೆಮ್ಮು ಬರುತ್ತಿತ್ತು. ಗೂಟದ ಕಡೆ ನೋಡಿ, ಪುಸ್ತಕ ಒಯ್ಯಲೇ ಎಂದು ಕೇಳಿದೆ.

"ಜವಾಬ್ ತಂದೀರೇನು?"

"ಇಲ್ಲ ಮುತ್ಯಾ."

"ಹಂಗಾದ್ರ ಅಲ್ಲೇ ಇರಲಿ" ಎಂದ. ನಾನು ಬರಿಗೈಯಲ್ಲಿ ಸೇಡಂ ಬಸ್ಸು ಹತ್ತಿದೆ.